ಲೋಳೆಸರಕ್ಕೆ ಕೊಡೆ ಹಿಡಿದವರು

ಸಿಂಧನೂರಿನಲ್ಲಿ ಲೋಳೆಸರ ಬೆಳೆಯುವ ಕ್ರಮ ಸರಳ. ಬುಡಸಮೇತ ಕಿತ್ತು, ಮಣ್ಣು ಜಾಡಿಸಿ, ಕರಿದಾರದಿಂದ ಅಂಗಡಿ ಬಾಗಿಲಿಗೆ ತಲೆಕೆಳಗಾಗಿ ನೇತುಹಾಕುವುದು. ಅಮಾವಾಸ್ಯೆಗೆ ಅದರ ಪಕ್ಕ ಕಟ್ಟಿದ ನಿಂಬೆಹಣ್ಣು ಒಣಗಿ ಕಲ್ಲಾಗುತ್ತದೆ, ಮೆಣಸಿನಕಾಯಿ ಉದುರುತ್ತದೆ, ಒಮ್ಮೊಮ್ಮೆ ಅಂಗಡಿಯೇ ಕೈ ಬದಲಾಗುತ್ತದೆ. ಲೋಳೆಸರ ಮಾತ್ರ ಅಲ್ಲೇ ಇರುತ್ತದೆ. ನೀರಿಲ್ಲ, ಮಣ್ಣಿಲ್ಲ, ಮೇಲೆ ಮೇ ತಿಂಗಳ 42 ಡಿಗ್ರಿ ಬಿಸಿಲು. ಹತ್ತಿರ ಹೋಗಿ ನೋಡಿದರೆ ಹೊರಗಿನ ಎಲೆಗಳು ಸೊರಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತವೆ. ನಡುವಿನ ಎಳೆಯ ಎಲೆಗಳ ತುದಿ ಮಾತ್ರ ಹಟಕ್ಕೆ ಬಿದ್ದು ಮೇಲಕ್ಕೆ ಬಾಗಿರುತ್ತದೆ. ಊರಿನವರ ಕಣ್ಣೆಲ್ಲ ತನ್ನ ಮೇಲೆ ಹಾಕಿಕೊಳ್ಳುವ ಕೆಲಸವನ್ನು ಇಷ್ಟು ಕಡಿಮೆ ಸಂಬಳಕ್ಕೆ ಬೇರೆ ಯಾರೂ ಮಾಡಲಾರರು.

ಅದರ ಗುಟ್ಟು ರಾತ್ರಿಯದು. ಲೋಳೆಸರ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ಮೇಲೆ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಅದನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬಿಸಿಲಿಗೆ ಅಡುಗೆ ಮಾಡಿಕೊಳ್ಳುತ್ತದೆ. ಹಾಗಾಗಿ ನೀರು ಆವಿಯಾಗುವುದು ಬಲು ಕಡಿಮೆ. ಒಳಗಿನ ಲೋಳೆಯಲ್ಲಂತೂ ನೂರಕ್ಕೆ 98ಕ್ಕಿಂತ ಹೆಚ್ಚು ನೀರೇ. ಅರೇಬಿಯಾದ ಒಣ ಗುಡ್ಡಗಳು ಇದರ ತವರು; ಅಲ್ಲಿಂದ ಬಂದದ್ದಕ್ಕೆ ನಮ್ಮ ಬಿಸಿಲು ಹೊಸದೇನಲ್ಲ.

ಆದರೆ ಅದೇ ಗಿಡವನ್ನು ಸಿಂಧನೂರಿನ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆ ಬದುವಿನಲ್ಲಿ ನೆಟ್ಟು ನೋಡಿ. ಎರೆಮಣ್ಣು ನೀರು ಹಿಡಿದುಕೊಂಡು ಬುಡ ಕೊಳೆಯುತ್ತದೆ. ಲಿಂಗಸುಗೂರಿನ ಕಡೆ, ಹಟ್ಟಿಯ ಚಿನ್ನದ ಗಣಿಗೆ ಹೋಗುವ ದಾರಿಯ ಮಸಾರಿ ನೆಲದಲ್ಲಿ ಹಚ್ಚಿದ್ದು ಯಾರೂ ಕೇಳದಿದ್ದರೂ ಮರಿ ಹಾಕುತ್ತದೆ. ಮಸ್ಕಿಯಲ್ಲಿ ಬಂಡೆಯ ಸಂದು ಸಿಕ್ಕರೂ ಸಾಕು. ಅಂದರೆ ಇದಕ್ಕೆ ಬೇಕಾದದ್ದು ಬಿಸಿಗಿಂತ ಮೊದಲು ಒಣ ಕಾಲು. ಈ ಒಂದು ಮಾತು ತಿಳಿಯದೆ ಚಳಿನಾಡಿನ ಬಾಲ್ಕನಿಗಳಲ್ಲಿ ಎಷ್ಟು ಲೋಳೆಸರ ಸತ್ತಿವೆಯೋ ಲೆಕ್ಕವಿಲ್ಲ.

ಮಸ್ಕಿಯ ಹುಡುಗನೊಬ್ಬ ಮ್ಯಾಂಚೆಸ್ಟರಿಗೆ ಹೋದ ಎಂದಿಟ್ಟುಕೊಳ್ಳಿ. ಊರಲ್ಲಿ ಕೇಳದೆ ಕಿತ್ತುಕೊಳ್ಳುತ್ತಿದ್ದ ಗಿಡಕ್ಕೆ ಅಲ್ಲಿ ಪೌಂಡು ಎಣಿಸುತ್ತಾನೆ. ದುಡ್ಡು ಕೊಟ್ಟ ಮೇಲೆ ಪ್ರೀತಿ ಹುಟ್ಟದೆ ಇರುತ್ತದೆಯೆ? ದಿನಾ ನೀರು, ಭಾನುವಾರ ಗೊಬ್ಬರ. ಜೂನ್ ಜುಲೈನಲ್ಲಿ ಹೊರಗಿಟ್ಟಾಗ ಗಿಡ ಸುಮ್ಮನೆ ಸಹಿಸಿಕೊಳ್ಳುತ್ತದೆ. ಅಕ್ಟೋಬರಿನ ಜಿಟಿಜಿಟಿ ಶುರುವಾದಾಗ ಬುಡ ಮೆತ್ತಗಾಗುತ್ತದೆ. ವಾಟ್ಸ್ಆ್ಯಪಿನಲ್ಲಿ ಅವ್ವನ ವಿಚಾರಣೆ:

"ಅದಕ್ಯಾಕ ಅಷ್ಟು ನೀರು ಹಾಕಿದ್ಯೋ ತಮ್ಮಾ?"

"ನಾ ಬಿಟ್ಟು ಬಾಳ ದಿನ ಆತವ್ವಾ. ಈಗ ಮಳಿರಾಯನ ಹಾಕಾಕತ್ತಾನ."

"ಹಂಗಾರ ಕೊಡಿ ಹಿಡಿ ಅದಕ್ಕ."

ನಕ್ಕು ಬಿಡುವ ಮಾತಲ್ಲ. ತೋಟಗಾರಿಕೆ ಬಲ್ಲವರೂ ಹೇಳುವುದು ಇದನ್ನೇ: ಮಳೆ ತಾಗದಂತೆ ಸೂರಿನಡಿ, ಬಿಸಿಲು ಬೀಳುವ ಗೋಡೆಗೆ ಒತ್ತಿ, ತೂತಿರುವ ಮಣ್ಣಿನ ಕುಂಡದಲ್ಲಿ ಅರ್ಧಕ್ಕರ್ಧ ಗರಸು ಬೆರೆಸಿ ಇಡಿ. ಚಳಿ ಬಂತೆಂದರೆ ನೀರಿನ ಚೊಂಬು ಮುಟ್ಟಬೇಡಿ. ಹತ್ತು ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಒಳಗೆ ತನ್ನಿ. ಒಣಗಿದ ಬೇರಿನ ಗಿಡ ಒಂದು ರಾತ್ರಿಯ ಅಲ್ಪಸ್ವಲ್ಪ ಚಳಿ ತಡೆದೀತು, ನೆನೆದದ್ದು ತಡೆಯದು. ಸೊನ್ನೆಯ ಕೆಳಗೆ ಹೋದರೆ ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳನ್ನೇ ಹರಿಯುತ್ತದೆ. ಬೆಳಿಗ್ಗೆ ನೋಡಿದರೆ ಎಲೆ ಬೇಯಿಸಿದ ಬದನೆಕಾಯಿಯ ಹಾಗೆ ಜೋತುಬಿದ್ದಿರುತ್ತದೆ.

ಇಂಗ್ಲೆಂಡಿನವರೇ ಈ ಪಾಠವನ್ನು ದುಬಾರಿಯಾಗಿ ಕಲಿತವರು. ಕಾರ್ನ್‌ವಾಲಿನಾಚೆಯ ಸಿಲಿ ದ್ವೀಪಗಳಲ್ಲಿ ಟ್ರೆಸ್ಕೊ ಎಂಬಲ್ಲಿ ಆಗಸ್ಟಸ್ ಸ್ಮಿತ್ 1834ರಿಂದ ಎಬ್ಬಿಸಿದ ತೋಟವಿದೆ. ಸಮುದ್ರದ ಬೆಚ್ಚನೆ ಗಾಳಿ ನಂಬಿ ಅಲ್ಲಿ ಲೋಳೆಸರದ ಬಳಗ, ಕತ್ತಾಳೆ ಎಲ್ಲವನ್ನೂ ಬಯಲಲ್ಲೇ ಬೆಳೆಸಿದ್ದರು. 1987ರ ಜನವರಿಯಲ್ಲಿ ಹಿಮ ಬಿದ್ದು ತೋಟದ ಬಹುಪಾಲು ಸತ್ತಿತು. ಆಮೇಲೆ ಮತ್ತೆ ನೆಟ್ಟರು ಎನ್ನುವುದು ಬೇರೆ ಮಾತು. ತೋಟದ ಚಟ ಹತ್ತಿದವರು ಪಾಠ ಕಲಿತರೂ ಸುಧಾರಿಸುವುದಿಲ್ಲ.

ಪರವೂರಿಗೆ ಮದ್ದಿನ ಗಿಡ ಒಯ್ದು ನೆಡುವ ಚಟವೂ ನಿನ್ನೆ ಮೊನ್ನೆಯದಲ್ಲ. ಗಿರ್ನಾರಿನ ಬಂಡೆಯ ಎರಡನೆಯ ಶಾಸನದಲ್ಲಿ ಅಶೋಕ, ಮನುಷ್ಯರಿಗೂ ಪಶುಗಳಿಗೂ ಬೇಕಾದ ಔಷಧಿ ಗಿಡಗಳನ್ನು ಇಲ್ಲದ ಕಡೆಗೆ ತರಿಸಿ ನೆಡಿಸಿದೆ ಎನ್ನುತ್ತಾನೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರಿಗೆ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರಿದೆ, ಗಿಡದ ಸುದ್ದಿಯಿಲ್ಲ. ನೆಟ್ಟವು ಎಷ್ಟು ಚಳಿಗೆ ಹೋದವು ಎಂದು ಚಕ್ರವರ್ತಿ ಎಲ್ಲಿಯೂ ಕೆತ್ತಿಸಿಲ್ಲ.

ಹಟ ಬಿಡದವರಿಗೆ ಇನ್ನೊಂದು ದಾರಿಯಿದೆ. ಆಫ್ರಿಕಾದ ಲೆಸೊಥೊ ಬೆಟ್ಟಗಳಲ್ಲಿ ಆಲೊ ಪಾಲಿಫಿಲ್ಲಾ ಎಂಬ ದಾಯಾದಿ, ಎಲೆಗಳನ್ನು ಸುರುಳಿ ಸುತ್ತಿಕೊಂಡು ಹಿಮದಡಿಯೂ ಬದುಕುತ್ತದೆ. ಆದರೆ ವಿಚಿತ್ರವೆಂದರೆ ಅದಕ್ಕೆ ಬಿಸಿ ಆಗಿಬರುವುದಿಲ್ಲ. ನಮ್ಮ ಹುಡುಗ ಅದನ್ನು ವಿಡಿಯೋದಲ್ಲಿ ತೋರಿಸಿ, ಪರವಾನಗಿಯ ಕಾಗದವೆಲ್ಲ ಮಾಡಿಸಿ ಊರಿಗೆ ತರಲೇ ಎಂದು ಕೇಳಿದರೆ ಅವ್ವನ ಉತ್ತರ ಸಿದ್ಧವಿದೆ:

"ಮನ್ಯಾಗ ಇರೋದು ಒಂದ ಕೂಲರು. ಅದರ ಮುಂದ ನಿಮ್ಮಪ್ಪ ಕುಂತಿರ್ತಾರ. ಅವರನ್ನ ಎಬ್ಬಿಸೋದು ನೀನೋ, ನಿನ್ನ ಗಿಡಾನೋ?"