ಹಗುರರಥ ಮೀಮಾಂಸೆ: ಬೈಕಿನ ಎಂಜಿನ್ನಿನಿಂದ ಮನೆಯಲ್ಲೇ ಕಾರು ಕಟ್ಟುವ ಶಾಸ್ತ್ರಕ್ಕೊಂದು ಪೀಠಿಕೆ

ಮಂಗಳಾಚರಣೆಯಿಲ್ಲದೆ ಶಾಸ್ತ್ರ ಹೇಳಕೂಡದು. ಆದ್ದರಿಂದ ಗ್ರೈಂಡರಿನ ಕಿಡಿಗೆ ಎದೆಯೊಡ್ಡುವ ಕನ್ನಡಕಕ್ಕೂ, ಭಾನುವಾರ ಬೆಳಿಗ್ಗೆ ಕಬ್ಬಿಣ ಕೊಯ್ಯುವ ಸದ್ದು ಕೇಳಿಯೂ ಪೊಲೀಸರಿಗೆ ಫೋನ್ ಮಾಡದ ನೆರೆಮನೆಯವರಿಗೂ ಮೊದಲು ನಮಸ್ಕರಿಸಿ, ಇಂಗ್ಲೆಂಡ್ ದೇಶದ ಗ್ಯಾರೇಜುಗಳಲ್ಲಿ ಹುಟ್ಟಿ ಬೆಳೆದ ಈ ಶಾಸ್ತ್ರವನ್ನು ಕನ್ನಡದ ಜಿಜ್ಞಾಸುಗಳ ಮುಂದಿಡುತ್ತಿದ್ದೇವೆ.

1. ಅನುಬಂಧ ಚತುಷ್ಟಯ

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಈ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ.

ಅಧಿಕಾರಿ ಯಾರೆಂದರೆ, ಸ್ವಂತ ಗ್ಯಾರೇಜು, ಒಂದು ಮಿಗ್ ವೆಲ್ಡಿಂಗ್ ಯಂತ್ರ ಮತ್ತು ಪ್ರಶ್ನೆ ಕೇಳಿ ಕೇಳಿ ದಣಿದ ಮನೆಮಂದಿ, ಈ ಮೂರನ್ನೂ ಉಳ್ಳವನು. ಗ್ಯಾರೇಜಿನಲ್ಲಿ ಕಟ್ಟುವ ಕಾರು ಕೂತಿರುವುದರಿಂದ ಓಡುವ ಕಾರು ಮಳೆಯಲ್ಲಿ ನಿಂತಿರುತ್ತದೆ. ಇದು ಅಧಿಕಾರಿಯ ಮನೆ ಗುರುತಿಸಲು ಹೊರಲಕ್ಷಣ.

ವಿಷಯವೆಂದರೆ, 25 ಮಿಲಿಮೀಟರ್ ಚೌಕದ ಉಕ್ಕಿನ ಕೊಳವೆಗಳನ್ನು ಕತ್ತರಿಸಿ ಬೆಸೆದ ಹಂದರ, ಅದಕ್ಕೆ ಸುತ್ತಿದ ಅಲ್ಯೂಮಿನಿಯಂ ತಗಡು, ಮೂತಿಗೊಂದು ಫೈಬರ್ ಮುಖವಾಡ, ಮತ್ತು ಮುಂದೆ ಗುಂಡಿಗೆಯ ಜಾಗದಲ್ಲಿ ಯಾವುದೋ ಬೈಕಿನಿಂದ ಕಿತ್ತು ತಂದ ಎಂಜಿನ್. ಬಾಗಿಲಿಲ್ಲ, ಚಾವಣಿಯಿಲ್ಲ, ಡಿಕ್ಕಿಯಿಲ್ಲ.

ಸಂಬಂಧದ ಬಗ್ಗೆ ಹೇಳುವುದಾದರೆ, ಎಂಜಿನ್ನಿಗೂ ಕಾರಿಗೂ ಗೋತ್ರ ಬೇರೆ, ಜಾತಕವೂ ಕೂಡಿಲ್ಲ. ಪ್ರಯೋಜನವನ್ನು ಕೊನೆಯಲ್ಲಿ ಹೇಳಲಾಗುವುದು. ಅಷ್ಟರೊಳಗೆ ಓದುಗರು ಮರೆತರೆ ಪ್ರಬಂಧಕಾರನಿಗೆ ಅಭ್ಯಂತರವಿಲ್ಲ.

ಇನ್ನು ನಮ್ಮ ಪ್ರತಿಜ್ಞೆ. ಈ ರಥದ ಸಕಲ ಸಂಕಟಗಳಿಗೂ ಮೂಲ ಎಂಜಿನ್ನಿನ ಅವಿದ್ಯೆ. ತಾನಿನ್ನೂ ಬೈಕಿನಲ್ಲೇ ಇದ್ದೇನೆಂಬ ಅದರ ಭ್ರಾಂತಿ. ಉಳಿದ ಪ್ರಕರಣಗಳೆಲ್ಲ ಇದೊಂದೇ ಸೂತ್ರದ ವ್ಯಾಖ್ಯಾನ.

2. ಗುರುಪರಂಪರೆ

ಮೊದಲಿಗೆ ಎಚ್.ಎಫ್.ಎಸ್. ಮಾರ್ಗನ್. ಮಾಲ್ವರ್ನ್ ಊರಿನ ಶಾಲೆಯೊಂದರ ಕಾರ್ಯಾಗಾರದ ನೆರವಿನಿಂದ 1909ರಲ್ಲಿ ಅವರು ಮೂರು ಚಕ್ರದ ಗಾಡಿಯೊಂದನ್ನು ಕಟ್ಟಿ, ಅದಕ್ಕೆ ಮೋಟಾರ್‌ಸೈಕಲ್ ಜಾತಿಯ ವಿ-ಟ್ವಿನ್ ಎಂಜಿನ್ ಕೂರಿಸಿದರು. ಮರುವರ್ಷ ಗಾಡ್‌ಫ್ರೇ ಮತ್ತು ಫ್ರೇಜರ್-ನ್ಯಾಶ್ ಎಂಬಿಬ್ಬರು ‘ಜಿಎನ್’ ಹೆಸರಿನಲ್ಲಿ ನಾಲ್ಕು ಚಕ್ರದ ಪಂಥ ಆರಂಭಿಸಿದರು. ಕಾರು ಕೊಳ್ಳಲಾಗದವರ, ಬೈಕಿಗೆ ತೃಪ್ತರಾಗದವರ ಈ ‘ಸೈಕಲ್‌ಕಾರ್’ ಧರ್ಮ ಹತ್ತು ಹನ್ನೆರಡು ವರ್ಷ ಚೆನ್ನಾಗಿಯೇ ನಡೆಯಿತು. 1922ರಲ್ಲಿ ಆಸ್ಟಿನ್ ಸೆವೆನ್ ಎಂಬ ಅಗ್ಗದ, ನಿಜವಾದ ಕಾರು ಬಂದದ್ದೇ ತಡ, ಭಕ್ತರೆಲ್ಲ ಚಾವಣಿಯಿರುವ ದೇವಸ್ಥಾನಕ್ಕೆ ನಡೆದರು.

ಧರ್ಮದ ಪುನರುತ್ಥಾನ 1946ರಲ್ಲಿ, ಸರ್ಬಿಟನ್ ಊರಿನಲ್ಲಿ. ಯುದ್ಧ ಮುಗಿದು ಕಬ್ಬಿಣ, ಪೆಟ್ರೋಲು, ದುಡ್ಡು ಮೂರಕ್ಕೂ ಬರ. ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ಎರಡು ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಸೆದು, 500 ಸಿಸಿಯ ಜೆಎಪಿ ಬೈಕ್ ಎಂಜಿನ್ ಹೂಡಿದರು. ಆ ಎಂಜಿನ್ನಿಗೆ ಚಕ್ರ ತಿರುಗಿಸಲು ಗೊತ್ತಿದ್ದ ದಾರಿ ಚೈನು ಒಂದೇ. ಚೈನಿಗೋ ದೂರ ಒಗ್ಗದು. ಹಾಗಾಗಿ ಎಂಜಿನ್ ಚಾಲಕನ ಬೆನ್ನ ಹಿಂದೆ, ಹಿಂಚಕ್ರಗಳ ಪಕ್ಕಕ್ಕೆ ಬಂದು ಕೂತಿತು. ಅದೇ ವಿನ್ಯಾಸ ಬೆಳೆದು 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಭಮ್ ಕೈಯಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿತು. ಇಂದು ಫಾರ್ಮುಲಾ ಒನ್ ಕಾರುಗಳೆಲ್ಲದರ ಎಂಜಿನ್ ಹಿಂದೆಯೇ ಇದೆ. ಈ ಕ್ರಾಂತಿಯ ಹಿಂದಿದ್ದದ್ದು ದಿವ್ಯದೃಷ್ಟಿಯೋ ಗಿಡ್ಡ ಚೈನೋ ಎಂಬ ವಿಚಾರದಲ್ಲಿ ಪ್ರಬಂಧಕಾರನ ಮತ ಚೈನಿಗೆ.

ಆಮೇಲೆ ಕಾಲಿನ್ ಚಾಪ್‌ಮನ್. 1957ರ ಅವರ ಲೋಟಸ್ ಸೆವೆನ್ ಈ ಶಾಸ್ತ್ರದ ಮೂಲವಿಗ್ರಹ. ಅಂದಿನ ಬ್ರಿಟನ್ನಿನಲ್ಲಿ ಕಟ್ಟಿದ ಕಾರಿಗೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳ ಗಂಟಿಗೆ ಇರಲಿಲ್ಲ. ಗಂಟಿನ ಜೊತೆ ಜೋಡಿಸುವ ಕ್ರಮ ಬರೆದು ಕೊಟ್ಟರೆ ತೆರಿಗೆಯವರು ಹಿಡಿಯುತ್ತಾರೆಂದು, ಬಿಚ್ಚುವ ಕ್ರಮವನ್ನು ಬರೆದು ಕೊಡುತ್ತಿದ್ದರೆಂದೂ, ಭಕ್ತರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳುತ್ತಿದ್ದರೆಂದೂ ಪ್ರತೀತಿ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ನಿನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾಯಿತು.

ಕೇಟರ್‌ಹ್ಯಾಮ್ ಕೊಳ್ಳುವ ಶಕ್ತಿಯಿಲ್ಲದವರಿಗಾಗಿ 1996ರಲ್ಲಿ ಗ್ರಂಥಾವತಾರವಾಯಿತು. 250 ಪೌಂಡಿನಷ್ಟು ಕಡಿಮೆಗೆ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಿ ಎಂದು ಮುಖಪುಟದಲ್ಲೇ ಅಭಯ ಕೊಡುವ ರಾನ್ ಚಾಂಪಿಯನ್ನರ ಈ ಪುಸ್ತಕವನ್ನು ಹೇನ್ಸ್ ಪ್ರಕಾಶನ ಹೊರತಂದಿತು. ಕೊಳವೆ ಎಲ್ಲಿ ಎಷ್ಟುದ್ದ ಎಂಬುದೆಲ್ಲ ಅದರಲ್ಲಿದೆ. ಆದಿ ಮುದ್ರಣದ ಕೆಲವು ಅಳತೆಗಳಲ್ಲಿ ತಪ್ಪುಗಳು ನುಸುಳಿದ್ದವು. ಪಂಡಿತರು ಅವುಗಳಿಗೆ ತಿದ್ದೋಲೆ ಬರೆದರು, ತಿದ್ದೋಲೆಗೆ ಟಿಪ್ಪಣಿ ಬರೆದರು. ಕಬ್ಬಿಣ ಕೊಯ್ದ ಮೇಲೆ ಪಾಠಾಂತರ ಸಿಕ್ಕಿದವರ ಪಾಡು ಹಳಗನ್ನಡದ ಸಂಪಾದಕರ ಪಾಡಿಗಿಂತ ಕಷ್ಟದ್ದು. ಇನ್ನು ಆ 250 ಪೌಂಡನ್ನು ಭಾಷ್ಯಕಾರರು ಅರ್ಥವಾದವೆಂದು ಪರಿಗಣಿಸುತ್ತಾರೆ. ಎಂದರೆ, ಪ್ರೋತ್ಸಾಹಕ್ಕಾಗಿ ಹೇಳಿದ ಮಾತು, ಅಕ್ಷರಶಃ ಹಿಡಿಯತಕ್ಕದ್ದಲ್ಲ.

3. ದ್ವೈತಾದ್ವೈತ ವಿಚಾರ

ಗ್ರಂಥದಲ್ಲಿ ವಿಧಿಸಿದ್ದು ಫೋರ್ಡ್ ಎಸ್ಕಾರ್ಟ್ ಎಂಬ ಹಳೇ ಕಾರಿನ ಅಂಗದಾನ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲವೂ ಅದರದೇ. ಇದು ದ್ವೈತ ಮತ. ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ. ಇದರ ಎಣ್ಣೆ ಅದಕ್ಕಲ್ಲ, ಅದರ ಎಣ್ಣೆ ಇದಕ್ಕಲ್ಲ.

ಬೈಕ್ ಎಂಜಿನ್ ಶುದ್ಧ ಅದ್ವೈತಿ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರೂ ಒಂದೇ ಕವಚದೊಳಗೆ, ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. 1998ರ ಯಮಾಹಾ ಆರ್1 ಬೈಕಿನ 998 ಸಿಸಿ ಎಂಜಿನ್ನಿಗೆ ಕಂಪನಿ ಹೇಳಿದ ಶಕ್ತಿ 150 ಅಶ್ವ. ಮರುವರ್ಷದ ಸುಜುಕಿ ಹಯಬುಸ ಅದನ್ನೂ ಮೀರಿಸಿತು. ಎಸ್ಕಾರ್ಟಿನ ಎಂಜಿನ್ 6,000 ಸುತ್ತಿಗೆ ಏದುಸಿರು ಬಿಟ್ಟರೆ, ಇವು 10,000 ದಾಟಿದ ಮೇಲೂ ರಾಗಾಲಾಪ ಮಾಡುತ್ತವೆ. ಮೇಲಾಗಿ ಆರು ಗೇರು, ಕಡ್ಡಿಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಕುಟ್ಟಿದರೆ ಸಾಕು. ಅದ್ವೈತ ಮತಕ್ಕೆ ಇಷ್ಟು ಜನ ಸೇರಿದ್ದು ಸುಮ್ಮನಲ್ಲ. 1997ರಲ್ಲಿ ಪೀಟರ್‌ಬರೋದಲ್ಲಿ ಹುಟ್ಟಿದ ರ‍್ಯಾಡಿಕಲ್ ಸಂಸ್ಥೆ ಎರಡು ಹಯಬುಸಗಳ ಮೇಲ್ಭಾಗಗಳನ್ನು ಒಂದೇ ತಳಕ್ಕೆ ಕೂರಿಸಿದಂಥ ವಿ8 ಎಂಜಿನ್ ಬಳಸಿ, 2009ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗನ್ನು 6 ನಿಮಿಷ 48 ಸೆಕೆಂಡಿನಲ್ಲಿ ಸುತ್ತಿಬಂದಿತು.

ಆದರೆ ಅವಿದ್ಯೆ ಕಾಣಿಸಿಕೊಳ್ಳುವುದೂ ಇಲ್ಲಿಂದಲೇ. ಸವಾರನೂ ಸೇರಿ ಸುಮಾರು ಮುನ್ನೂರು ಕಿಲೋ ಎಳೆಯಲು ಹುಟ್ಟಿದ ಕ್ಲಚ್ಚಿಗೆ ಅದರ ಹೆಚ್ಚುಕಡಿಮೆ ದುಪ್ಪಟ್ಟು ಹೊರೆ ಬೀಳುತ್ತದೆ. ಸಿಗ್ನಲ್ ಹಸಿರಾದಾಗ 4,000 ಸುತ್ತು ಏರಿಸಿ, ಕ್ಲಚ್ಚನ್ನು ಜಾರಿಸಿ ಜಾರಿಸಿ ಹೊರಡಬೇಕು. ನ್ಯೂಟ್ರಲ್ ಇರುವುದು ಒಂದನೇ ಮತ್ತು ಎರಡನೇ ಗೇರಿನ ನಡುವೆ, ನೂಲೆಳೆಯಷ್ಟು ಜಾಗದಲ್ಲಿ. ಬೈಕಿನಲ್ಲಿ ಕಾಲ್ಬೆರಳ ತುದಿಗೆ ಸಿಗುವ ಅದು ಕಾರಿನ ಉದ್ದನೆ ಕಡ್ಡಿಗೆ ಸಿಗದು. ಒಂದು, ಎರಡು, ಒಂದು, ಎರಡು ಎಂದು ಜಪಿಸುತ್ತ ಕೂತವನ ಹಿಂದೆ ಹಾರ್ನುಗಳ ಮೇಳ ಶುರುವಾಗುತ್ತದೆ.

ಅವಿದ್ಯೆಯ ಪರಾಕಾಷ್ಠೆ ವೈರಿಂಗಿನಲ್ಲಿದೆ. ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಗೇರು ಹಾಕಿದ ಕ್ಷಣ ಎಂಜಿನ್ ಆಫ್ ಆಗಬೇಕೆಂಬುದು ಬೈಕಿನ ನಿಯಮ. ಈ ಕಾರಿಗೆ ಸ್ಟ್ಯಾಂಡೇ ಇಲ್ಲ. ಆದ್ದರಿಂದ ಸ್ವಿಚ್ಚಿನ ವೈರುಗಳಿಗೆ ಗಂಟು ಹಾಕಿ, ‘ಸ್ಟ್ಯಾಂಡ್ ಎತ್ತಿದ್ದೇವೆ, ಹೊರಡು’ ಎಂದು ಎಂಜಿನ್ನಿಗೆ ಸುಳ್ಳು ಹೇಳಬೇಕು. ಬೈಕು ಮಗುಚಿದರೆ ಎಂಜಿನ್ ನಿಲ್ಲಿಸುವ ಸೆನ್ಸರನ್ನೂ ಹಂದರದಲ್ಲಿ ನೆಟ್ಟಗೆ ಕೂರಿಸಬೇಕು. ಅಡ್ಡಡ್ಡ ಕಟ್ಟಿದರೆ ತಾನು ರಸ್ತೆಗೆ ಬಿದ್ದಿದ್ದೇನೆಂದು ನಂಬಿ ಎಂಜಿನ್ ಉಸಿರೆತ್ತುವುದಿಲ್ಲ. ಭ್ರಾಂತಿಯನ್ನು ಕಳೆಯುವುದು ವೇದಾಂತದ ಗುರಿ. ಭ್ರಾಂತಿಯನ್ನು ಕಾಪಾಡಿಕೊಂಡು ಬರುವುದು ಈ ಶಾಸ್ತ್ರದ ಗುರಿ.

4. ತೈಲ ಪ್ರಕರಣ

ಬೈಕು ತಿರುವಿನಲ್ಲಿ ವಾಲುತ್ತದೆ. ವಾಲಿದ್ದರಿಂದ ಎಣ್ಣೆ ಎಂಜಿನ್ನಿನ ತಳಕ್ಕೇ ಒತ್ತಿಕೊಂಡಿರುತ್ತದೆ, ಪಂಪಿನ ಬಾಯಿಗೆ ತಪ್ಪದೆ ಸಿಗುತ್ತದೆ. ಕಾರು ವಾಲುವುದಿಲ್ಲ. ನಾಲ್ಕು ಚಕ್ರ ನೆಲಕ್ಕೂರಿ ತಿರುವಿಗೆ ನುಗ್ಗಿದಾಗ ಒಳಗಿನ ಎಣ್ಣೆ, ಘಾಟಿಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡ ಸಾರಿನ ಪಾತ್ರೆಯಂತೆ, ಒಂದೇ ಗೋಡೆಗೆ ಏರುತ್ತದೆ. ಪಂಪು ಗಾಳಿ ಕುಡಿಯುತ್ತದೆ. ಕನೆಕ್ಟಿಂಗ್ ರಾಡಿನ ಬುಡದ ಬಿಗ್ ಎಂಡ್ ಬೇರಿಂಗ್ ಒಣಗುತ್ತದೆ. 10,000 ಸುತ್ತಿನಲ್ಲಿ ಬೇರಿಂಗ್ ಒಣಗಿದರೆ ಆಮೇಲಿನದ್ದು ಕ್ಷಣಗಳ ಲೆಕ್ಕ. ಕನೆಕ್ಟಿಂಗ್ ರಾಡ್ ಕವಚ ಒಡೆದು ಲೋಕದರ್ಶನಕ್ಕೆ ಹೊರಬೀಳುತ್ತದೆ.

ಪರಿಹಾರ ಎರಡು. ಎಣ್ಣೆ ನಿಲ್ಲುವ ತಳದ ಸಂಪಿನೊಳಗೆ ಅಡ್ಡತಗಡುಗಳ ಒಡ್ಡು ಕಟ್ಟಿ ಎಣ್ಣೆಯನ್ನು ಪಂಪಿನ ಸುತ್ತ ತಡೆಹಿಡಿಯುವುದು ಬಡವರ ಮಾರ್ಗ. ಎಣ್ಣೆಯನ್ನು ಹೊರಗೊಂದು ತೊಟ್ಟಿಯಲ್ಲಿಟ್ಟು ಪಂಪುಗಳಿಂದ ಹೀರಿ ಹಾಯಿಸುವ ‘ಡ್ರೈ ಸಂಪ್’ ಉಳ್ಳವರ ಮಾರ್ಗ. ಮೊದಲನೆಯದನ್ನು ಹಿಡಿದವರು ಮುಂದೆ ಎರಡನೆಯದಕ್ಕೆ ಬರುತ್ತಾರೆ. ನಡುವೆ ಒಂದು ಎಂಜಿನ್ ಆಹುತಿಯಾಗಿರುತ್ತದೆ.

5. ಪ್ರತ್ಯಾಗಮನ ಮೀಮಾಂಸೆ

ಪೂರ್ವಪಕ್ಷ: “ಅಲ್ಲ ಸ್ವಾಮಿ, ಬೈಕಿಗೆ ರಿವರ್ಸ್ ಗೇರ್ ಇಲ್ಲ. ಹಾಗಾದರೆ ಈ ಕಾರನ್ನು ಗ್ಯಾರೇಜಿನಿಂದ ಹಿಂದಕ್ಕೆ ತೆಗೆಯುವುದು ಹೇಗೆ?”

ಸಿದ್ಧಾಂತ: ಇಟ್ಟ ಹೆಜ್ಜೆ ಹಿಂದಿಡದವನೇ ವೀರ. ಮೇಲಾಗಿ ಕಾನೂನೂ ವೀರನ ಪಕ್ಷದಲ್ಲಿದೆ. ಬ್ರಿಟನ್ನಿನ 1986ರ ವಾಹನ ನಿರ್ಮಾಣ ಮತ್ತು ಬಳಕೆ ನಿಯಮಗಳ ಪ್ರಕಾರ, ಎರಡಕ್ಕಿಂತ ಹೆಚ್ಚು ಚಕ್ರಗಳಿದ್ದು ಖಾಲಿ ತೂಕ 410 ಕಿಲೋ ಮೀರಿದ ವಾಹನಕ್ಕೆ ಹಿಂದೆ ಚಲಿಸುವ ಸಾಮರ್ಥ್ಯ ಇರಲೇಬೇಕು. ಮೀರದಿದ್ದರೆ ಬೇಕಿಲ್ಲ.

ಈ ಒಂದು ವಾಕ್ಯದಿಂದ ಹುಟ್ಟಿದ ತಪಸ್ಸು ಅಪಾರ. ತಕ್ಕಡಿ 430 ತೋರಿಸಿದರೆ ಸಾಧಕ ಕಾರ್ಪೆಟ್ ತ್ಯಜಿಸುತ್ತಾನೆ. ಸೀಟಿನ ಮೆತ್ತೆ, ಹೀಟರು, ಮುಂಗಾಜು, ಸ್ಟೆಪ್ನಿ ಒಂದೊಂದಾಗಿ ಬಿಡುತ್ತಾನೆ. ಬೋಲ್ಟುಗಳ ಒಳಗೇ ತೂತು ಕೊರೆಯುತ್ತಾನೆ. ಅಷ್ಟೆಲ್ಲ ಮಾಡಿಯೂ ಮೂರು ಕಿಲೋ ಉಳಿಯಿತೆಂದು ಕೊರಗುತ್ತ ಕೂತವನ ಹೊಟ್ಟೆಯ ಕಡೆ ಬೆರಳು ತೋರಿಸುವುದು ಶಿಷ್ಟಾಚಾರವಲ್ಲ. ಖಾಲಿ ತೂಕದಲ್ಲಿ ಚಾಲಕ ಸೇರುವುದಿಲ್ಲ ಎಂಬುದು ಅವನ ಶಾಸ್ತ್ರೋಕ್ತ ಸಮಾಧಾನ.

410ರೊಳಗೆ ಬರಲಾಗದ ಭೋಗಿಗಳಿಗೂ ಮಾರ್ಗವಿದೆ. ಎಂಜಿನ್ನಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ನಡುವೆ ಪ್ರತ್ಯೇಕ ರಿವರ್ಸ್ ಪೆಟ್ಟಿಗೆ ಕೂರಿಸಬಹುದು. ಅದು ತೂಕ, ದುಡ್ಡು ಎರಡನ್ನೂ ನುಂಗುತ್ತದೆ. ಇಲ್ಲವೇ ಒಂದು ಸ್ಟಾರ್ಟರ್ ಮೋಟಾರನ್ನು ಶಾಫ್ಟಿಗೆ ಹಲ್ಲು ಕಚ್ಚಿಸಿ, ಬ್ಯಾಟರಿಯ ಬಲದಿಂದ ಗುರ್ರೆಂದು ಹಿಂದೆ ಸರಿಯಬಹುದು. 410ರೊಳಗಿನ ತ್ಯಾಗಿಗೆ ಇವೆರಡೂ ಬೇಡ. ಇಳಿದು ತಳ್ಳುತ್ತಾನೆ.

6. ಕೋಽಹಂ ಪ್ರಕರಣ

ಕಾರು ಮುಗಿದ ಮೇಲೆ ಪರೀಕ್ಷೆ. 1998ರಲ್ಲಿ ಬಂದ ಎಸ್‌ವಿಎ, 2009ರಿಂದ ಅದರ ಜಾಗದಲ್ಲಿ ಐವಿಎ. ಒಂದೊಂದೇ ಕಾರನ್ನು ಸರ್ಕಾರಿ ಪರೀಕ್ಷಕರು ಖುದ್ದಾಗಿ ನೋಡಿ ಪಾಸು ಮಾಡುವ ವ್ಯವಸ್ಥೆ ಇದು. ಬ್ರೇಕು, ದೀಪ, ಹೊಗೆ, ಸದ್ದು ಎಲ್ಲಕ್ಕೂ ಕಟ್ಟುನಿಟ್ಟು. ಆದರೆ ಪರೀಕ್ಷಕರ ಕೈಯ ವಿಶೇಷ ಆಯುಧವೆಂದರೆ 100 ಮಿಲಿಮೀಟರ್ ಅಡ್ಡಗಲದ ಒಂದು ಗೋಳ. ಕಾರಿನ ಹೊರಮೈಯಲ್ಲಿ ಆ ಗೋಳ ತಾಗುವ ಅಂಚುಗಳೆಲ್ಲ ಕನಿಷ್ಠ 2.5 ಮಿಲಿಮೀಟರ್ ದುಂಡಗಿರಬೇಕು. ಸೆವೆನ್ ಜಾತಿಯ ಕಾರೆಂದರೆ ಮೈಯೆಲ್ಲ ಅಂಚು. ಹಾಗಾಗಿ ಪರೀಕ್ಷೆಯ ದಿನ ಅದು ನಟ್ಟು ನಟ್ಟಿಗೂ ಪ್ಲಾಸ್ಟಿಕ್ ಟೊಪ್ಪಿ, ಅಂಚು ಅಂಚಿಗೂ ರಬ್ಬರ್ ಪಟ್ಟಿ ತೊಟ್ಟು ಮದುವಣಗಿತ್ತಿಯಂತೆ ಹೊರಡುತ್ತದೆ. ಪಾಸಾಗಿ ಮನೆಗೆ ಬಂದ ಸಂಜೆ ರಬ್ಬರ್ ಏನಾಗುತ್ತದೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಹೊರಗು.

ಆಮೇಲೆ ನೋಂದಣಿ. ಆಕ್ಸಲ್ ಒಂದು ಕಾರಿನದು, ಎಂಜಿನ್ ಒಂದು ಬೈಕಿನದು, ಹಂದರ ಗ್ಯಾರೇಜಿನದು. ವಯಸ್ಸೋ ಕುಲವೋ ಖಚಿತವಾಗದ ವಾಹನಕ್ಕೆ ಬ್ರಿಟನ್ ಸರ್ಕಾರ ‘ಕ್ಯೂ’ ಅಕ್ಷರದಿಂದ ಆರಂಭವಾಗುವ ನಂಬರು ಕೊಡುತ್ತದೆ. ನಾನು ಯಾರು ಎಂಬ ಪ್ರಶ್ನೆಯನ್ನು ಋಷಿಗಳು ಕಾಡಿನಲ್ಲಿ ಕೂತು ಕೇಳಿಕೊಂಡರು. ಅದನ್ನೇ ತಗಡಿನ ಮೇಲೆ ಬರೆಸಿ ಬಂಪರಿಗೆ ತಿರುಪು ಹಾಕಿದ ಕೀರ್ತಿ ಅಲ್ಲಿನ ಸಾರಿಗೆ ಇಲಾಖೆಯದು.

7. ಫಲಶ್ರುತಿ

ಪ್ರಯೋಜನ ಹೇಳುವೆನೆಂದು ಮಾತು ಕೊಟ್ಟಿದ್ದೆವು. ಮಳೆ ಬಂದರೆ ತೊಯ್ಯುವ, ತರಕಾರಿ ಚೀಲ ಹಿಡಿಸದ, ಹಿಂದೆ ಸರಿಯದ ಈ ರಥದಿಂದ ದಕ್ಕುವುದು ಒಂದೇ: ಕೂತ ಗಾಡಿಯ ಪ್ರತಿ ತಿರುಪೂ ಯಾಕೆ ಅಲ್ಲಿದೆಯೆಂದು ಬಲ್ಲ ಚಾಲಕ. ಲಕ್ಷಗಟ್ಟಲೆ ಕೊಟ್ಟು ಕೊಂಡವರಿಗೆ ಬಾನೆಟ್ ತೆಗೆಯುವ ಲಿವರ್ ಎಲ್ಲಿದೆಯೆಂದೂ ಗೊತ್ತಿರದ ಕಾಲದಲ್ಲಿ ಇದು ಸಣ್ಣ ಫಲವಲ್ಲ.

ನಮ್ಮ ನಾಡಿನ ಸಾಧಕರಿಗೆ ಮಾತ್ರ ಒಂದು ಎಚ್ಚರಿಕೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಮೂದಿಸಿದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಹೊಸದಾಗಿ ಕಟ್ಟುತ್ತೇನೆಂದರೆ ಮಾದರಿ ವಾಹನವನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆಗೊಡ್ಡಬೇಕು. ಒಂಟಿ ಸಾಧಕನಿಗೆ ಅದು ಎಟುಕುವ ಮಾತಲ್ಲ. ರಸ್ತೆಯ ಆಸೆ ಬಿಟ್ಟರೆ ಇರುವ ದಾರಿ ಎಂಜಿನಿಯರಿಂಗ್ ಕಾಲೇಜು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡದಂತೆ ದೇಶದ ಎಷ್ಟೋ ಕಾಲೇಜುಗಳ ಹುಡುಗ ಹುಡುಗಿಯರು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ತಮ್ಮ ಕೈಯಾರೆ ಕಾರು ಕಟ್ಟುತ್ತಾರೆ. ಪೆಟ್ರೋಲ್ ವರ್ಗದಲ್ಲಿ ಬೈಕ್ ಎಂಜಿನ್ನೇ ರೂಢಿ. ನಿಯಮದ ಮಿತಿ 710 ಸಿಸಿ.

ಆದ್ದರಿಂದ ತಂದೆತಾಯಂದಿರಲ್ಲಿ ವಿನಂತಿ. ಮಗನೋ ಮಗಳೋ ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ನಡುರಾತ್ರಿ ಮನೆಗೆ ಬಂದರೆ ಬೈಯಬೇಡಿ, ಊಟ ಬಡಿಸಿ. ಮನೆಯ ಬೈಕಿನ ಕೀಲಿಯನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿ.