ಮಂಕಿ ಕ್ಯಾಪಿನೊಳಗಿನ ಹಿಮಪಾತ

‘ಮನೆಮಂದಿಯೆಲ್ಲ ಓದಬಹುದಾದ ಪುಸ್ತಕ’ ಎಂಬುದು ಮೈಸೂರಿನಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಒಂದು ಸಾಹಿತ್ಯ ಪ್ರಕಾರ. ವಿಮರ್ಶಕರು ಇದನ್ನು ಗುರುತಿಸಿದಂತಿಲ್ಲ, ಅಜ್ಜಿಯರು ಗುರುತಿಸಿದ್ದಾರೆ. ಲಕ್ಷಣ ಸುಲಭ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪುಸ್ತಕವನ್ನು ಹಜಾರದ ಮೇಜಿನ ಮೇಲೆ ಮುಖಪುಟ ಕಾಣುವಂತೆ ಇಟ್ಟು ನಿಶ್ಚಿಂತೆಯಿಂದ ಸ್ನಾನಕ್ಕೆ ಹೋಗಬಹುದಾದರೆ ಅದು ಈ ವರ್ಗದ್ದು. ದಿಂಬಿನ ಕೆಳಗೆ ಇಟ್ಟು ಹೋಗಬೇಕಾದರೆ ಅಲ್ಲ.

ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲಿ ಊರಿನವರೇ ಆದ ತ್ರಿವೇಣಿ, ವಾಣಿ ಮೊದಲಿಗರು. ಆದರೆ ಪರೀಕ್ಷೆ ಅಷ್ಟೇನೂ ಬಿಗಿಯಲ್ಲ. ‘ಶರಪಂಜರ’ದಲ್ಲಿ ಮಾನಸಿಕ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಹೆಣ್ಣನ್ನು ಮನೆಮಂದಿಯೇ ಇರಿಯುವ ಬಗೆಯನ್ನು ತ್ರಿವೇಣಿ ಬರೆದರು. ಮನೆಮಂದಿಯೆಲ್ಲ ಅದನ್ನು ಸರದಿಯ ಮೇಲೆ ಓದಿ, ‘ಪಾಪ, ಆ ಮನೆಯವರು ಹಾಗೆ ಮಾಡಬಾರದಿತ್ತು’ ಎಂದು ನಿಟ್ಟುಸಿರಿಟ್ಟು, ಕಾಫಿ ಬೆರೆಸಲು ಸೊಸೆಯನ್ನು ಕೂಗಿದರು.

ಇಷ್ಟಾಗಿ, ಈ ಪ್ರಕಾರದ ಅತ್ಯಂತ ನಿರಪಾಯಕಾರಿ ಎನ್ನಿಸಿಕೊಂಡ ಮಾದರಿ ಹುಟ್ಟಿದ್ದು ಮೈಸೂರಿನಲ್ಲಲ್ಲ, ಅಮೆರಿಕದ ವಿಸ್ಕಾನ್ಸಿನ್ ಕಾಡಿನಲ್ಲಿ. ಲಾರಾ ಇಂಗಲ್ಸ್ ವೈಲ್ಡರ್ 1867ರಲ್ಲಿ ಅಲ್ಲಿನ ಪೆಪಿನ್ ಎಂಬಲ್ಲಿ ಹುಟ್ಟಿದಳು. ಅಪ್ಪನಿಗೆ ಒಂದೂರಿನಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಗಾಡಿ ಕಟ್ಟಿದ, ಹೊರಟ, ಮನೆ ಕಟ್ಟಿದ, ಮತ್ತೆ ಹೊರಟ. ಆ ಅಲೆದಾಟದ ಮೊದಲ ಪುಸ್ತಕ ಅಚ್ಚಾದದ್ದು 1932ರಲ್ಲಿ. ಆಗ ಲೇಖಕಿಗೆ 65 ವರ್ಷ. ನಿವೃತ್ತಿಯ ನಂತರ ಆತ್ಮಕಥೆ ಬರೆಯಲು ಹೊರಟ ಮೈಸೂರಿನ ಅಸಂಖ್ಯ ಹಿರಿಯರಿಗೆ ಇದು ಉತ್ತೇಜನಕಾರಿ ಸಂಗತಿ. ಅವರ ಮನೆಯವರಿಗೆ ಅಷ್ಟಲ್ಲ.

ಈ ಮಾಲೆಯನ್ನು ಕನ್ನಡಕ್ಕೆ ತಂದವರು ಎಸ್. ಅನಂತನಾರಾಯಣ. ಹೊಸಗನ್ನಡ ಕವಿತೆಯ ಮೇಲೆ ಇಂಗ್ಲಿಷ್ ಕಾವ್ಯದ ಪ್ರಭಾವವನ್ನು ಕುರಿತು ಗಟ್ಟಿ ಗ್ರಂಥ ಬರೆದ ವಿದ್ವಾಂಸರು, ಹಂದಿಮಾಂಸಕ್ಕೆ ಹೊಗೆ ಹಾಕುವ ವಿಧಾನವನ್ನು ಮಕ್ಕಳಿಗೆ ತಿಳಿಯುವಂತೆ ಹೇಳುವ ಕೆಲಸವನ್ನೂ ಕೈಗೆತ್ತಿಕೊಂಡರು. ‘ದೊಡ್ಡ ಕಾಡಿನಲ್ಲಿ ಪುಟ್ಟ ಮನೆ’, ‘ಹುಲ್ಲುಗಾವಲಿನಲ್ಲಿ ಪುಟ್ಟ ಮನೆ’, ‘ರೈತರ ಹುಡುಗ’ ಎಂಬ ಹೆಸರುಗಳಲ್ಲಿ ಅಮೆರಿಕದ ಬೇಸಾಯ ಕನ್ನಡದ ಮನೆಗಳಿಗೆ ಬಂತು.

ಬಂದದ್ದು ಹೆಚ್ಚಾಗಿ ಅಡುಗೆಮನೆಯ ಬಾಗಿಲಿನಿಂದ. ಕಥೆ ಏನು ಎಂದು ಕೇಳಿದರೆ ಈ ಪುಸ್ತಕಗಳ ಓದುಗರು ತಡವರಿಸುತ್ತಾರೆ. ಏನು ತಿಂದರು ಎಂದರೆ ಸರಸರನೆ ಹೇಳುತ್ತಾರೆ. ಮೇಪಲ್ ಮರದ ರಸವನ್ನು ಕುದಿಸಿ, ಬಿಸಿ ಪಾಕವನ್ನು ತಟ್ಟೆಯಲ್ಲಿ ತುಂಬಿದ ಹಿಮದ ಮೇಲೆ ಸುರಿದು, ಗಟ್ಟಿಯಾದದ್ದನ್ನು ಮಕ್ಕಳು ಚೀಪುವ ಪ್ರಸಂಗವನ್ನು ಓದಿದ ಮೈಸೂರಿಗನಿಗೆ ನೆನಪಾಗುವುದು ಮಂಡ್ಯದ ಕಡೆಯ ಆಲೆಮನೆ. ಅಲ್ಲಿಯೂ ಕೊಪ್ಪರಿಗೆಯ ಸುತ್ತ ಕರೆಯದೇ ಬಂದ ಮಕ್ಕಳಿರುತ್ತಾರೆ. ಹಿಮದ ಬದಲು ನೀರು, ಮೇಪಲ್ ಬದಲು ಕಬ್ಬು. ಚಳಿಗಾಲದ ಬೆಣ್ಣೆ ಬಿಳಿಚಿಕೊಂಡಿರುತ್ತದೆಂದು ಲಾರಾಳ ಅಮ್ಮ ಕ್ಯಾರೆಟ್ ತುರಿದು, ಹಾಲಿನಲ್ಲಿ ಬಿಸಿ ಮಾಡಿ, ಹಿಂಡಿ, ಆ ಹಳದಿ ಹಾಲನ್ನು ಕಡೆಯುವ ಕೆನೆಗೆ ಸೇರಿಸುತ್ತಾಳೆ. ಹಿಂಡಿ ಉಳಿದ ತುರಿ ಹೆಣ್ಣುಮಕ್ಕಳ ಪಾಲು. ಹಾಲಿನಲ್ಲಿ ಬೆಂದ ಕ್ಯಾರೆಟ್ಟನ್ನು ಕಂಡ ಮೇಲೂ ಸಕ್ಕರೆ, ತುಪ್ಪ ಹಾಕದೆ ಬೆಣ್ಣೆಯ ಕಡೆಗೆ ನಡೆದ ಆಕೆಯ ಸಂಯಮ ಮೈಸೂರಿನ ಅಡುಗೆಮನೆಗಳಲ್ಲಿ ಇಂದಿಗೂ ಅರ್ಥವಾಗಿಲ್ಲ.

‘ರೈತರ ಹುಡುಗ’ದ ಆಲ್ಮಾಂಜೋ ಈ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದವನು. ನ್ಯೂಯಾರ್ಕ್ ಸಂಸ್ಥಾನದ ಮಲೋನ್ ಬಳಿಯ ಅನುಕೂಲಸ್ಥ ರೈತನ ಮಗ, ಮುಂದೆ ಲಾರಾಳ ಗಂಡ. ಪುಸ್ತಕದುದ್ದಕ್ಕೂ ಅವನು ತಿನ್ನುತ್ತಾನೆ, ಇಲ್ಲವೇ ತಿನ್ನುವ ಹೊತ್ತಿಗೆ ಕಾಯುತ್ತಾನೆ. ಅವನು ಲೋಕಕ್ಕೆ ಕೊಟ್ಟ ವಿಜ್ಞಾನವೊಂದಿದೆ: ಭರ್ತಿ ಹಾಲಿರುವ ಲೋಟಕ್ಕೆ ಅಷ್ಟೇ ದೊಡ್ಡ ಲೋಟದ ತುಂಬ ಪಾಪ್‌ಕಾರ್ನನ್ನು ಒಂದೊಂದಾಗಿ ಹಾಕಿದರೂ ಹಾಲು ಚೆಲ್ಲುವುದಿಲ್ಲ. ಪುಸ್ತಕ ಓದಿದ ಮಕ್ಕಳು ಈ ಪ್ರಯೋಗ ಮಾಡದೆ ಬಿಡುವುದಿಲ್ಲ. ‘ಒಂದೊಂದಾಗಿ’ ಎಂಬ ಪದವನ್ನು ಓದದೆ ಬಿಡುವವರೇ ಹೆಚ್ಚು. ಬಳಿಕ ನೆಲ ಒರೆಸುವ ಬಟ್ಟೆ ಬರುತ್ತದೆ.

ಸಸ್ಯಾಹಾರಿ ಮನೆಗಳಲ್ಲಿ ಈ ಪುಸ್ತಕಗಳಿಗೆ ಒಂದು ಪ್ರತ್ಯೇಕ ಓದುವ ಕ್ರಮ ಬೆಳೆದಿದೆ. ಮೊದಲ ಪುಸ್ತಕದ ಆರಂಭದಲ್ಲೇ ಹಂದಿ ಕಡಿಯುತ್ತಾರೆ; ಅದರ ಮೂತ್ರಕೋಶವನ್ನು ಊದಿ ಚೆಂಡು ಮಾಡಿ ಲಾರಾ ಮತ್ತು ಅಕ್ಕ ಮೇರಿ ಆಡುತ್ತಾರೆ; ಬಾಲವನ್ನು ಸುಟ್ಟು ತಿನ್ನುತ್ತಾರೆ. ಗಟ್ಟಿಯಾಗಿ ಓದಿ ಹೇಳುವ ಅಜ್ಜಿ ಇಲ್ಲಿಗೆ ಬಂದಾಗ ಕನ್ನಡಕ ಒರೆಸಿಕೊಂಡು ನಾಲ್ಕು ಪುಟ ಹಾರುತ್ತಾರೆ. ಆದರೆ ಅಪಾಯ ಇರುವುದು ಹಂದಿಯಲ್ಲಲ್ಲ, ಹಾಲಿನಲ್ಲಿ. ಚೀಸ್ ಮಾಡುವ ಪ್ರಸಂಗವನ್ನು ಸಾತ್ವಿಕವೆಂದು ನಂಬಿ ಓದುತ್ತ ಹೋದರೆ, ಹಾಲು ಒಡೆಯಲು ಬೇಕಾದದ್ದು ಎಳೆಗರುವಿನ ಹೊಟ್ಟೆಯ ಒಳಪದರ ಎಂಬ ಮಾಹಿತಿ ಯಾವ ಮುನ್ಸೂಚನೆಯೂ ಇಲ್ಲದೆ ಎದುರಾಗುತ್ತದೆ. ಆ ಸಂಜೆ ಫ್ರಿಜ್ಜಿನಲ್ಲಿರುವ ಚೀಸ್ ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಲಾಗುತ್ತದೆ.

ಇನ್ನು ಭಕ್ತಿ. ಇಂಗಲ್ಸ್ ಮನೆಯ ಭಾನುವಾರ ಮೈಸೂರಿನ ಏಕಾದಶಿಗೆ ಹತ್ತಿರದ ಸಂಬಂಧಿ. ಓಡಬಾರದು, ಕೂಗಬಾರದು, ಹೊಲಿಯಬಾರದು. ಗೊಂಬೆಯನ್ನು ಸದ್ದಿಲ್ಲದೆ ನೋಡಬಹುದು, ಬೈಬಲ್ ಕೇಳಬಹುದು. ಮಡಿ ಎಂಬ ಪದವೊಂದಿಲ್ಲ, ಉಳಿದದ್ದೆಲ್ಲ ಇದೆ. ಇದು ಹಿಂದೆ ಇನ್ನೂ ಬಿಗಿಯಾಗಿತ್ತು ಎಂಬುದಕ್ಕೆ ಅಪ್ಪ ಹೇಳುವ ಕಥೆಯೇ ಸಾಕ್ಷಿ. ಲಾರಾಳ ತಾತ ಹುಡುಗನಾಗಿದ್ದಾಗ, ಭಾನುವಾರ ಅವರ ತಂದೆ ಧರ್ಮಪುಸ್ತಕ ಓದುತ್ತ ತೂಕಡಿಸಿದ ಹೊತ್ತು ನೋಡಿ, ಅಣ್ಣತಮ್ಮಂದಿರೊಂದಿಗೆ ಹೊಸ ಜಾರುಬಂಡಿಯನ್ನು ಗುಡ್ಡದ ಮೇಲಕ್ಕೆ ಒಯ್ದ. ಸದ್ದಿಲ್ಲದೆ ಜಾರಿ ಬರುವ ಉಪಾಯ. ದಾರಿಗೆ ಅಡ್ಡ ಬಂದ ಹಂದಿಯೊಂದು ಬಂಡಿಯ ಮೇಲೇ ಕುಳಿತುಬಿಟ್ಟಿತು. ಮೂವರು ಹುಡುಗರು ಬಾಯಿ ಬಿಗಿದುಕೊಂಡು, ಹಂದಿ ಮಾತ್ರ ಬಾಯಿ ತೆರೆದುಕೊಂಡು, ಬಾಗಿಲಲ್ಲಿ ನಿಂತಿದ್ದ ತಂದೆಯ ಮುಂದೆಯೇ ಹಾದುಹೋದವು. ಸಂಧ್ಯಾವಂದನೆ ತಪ್ಪಿಸಿ ಕ್ರಿಕೆಟ್ಟಿಗೆ ಹೋಗಿ, ಚೆಂಡು ಸೀದಾ ತಾತನ ಆರಾಮಕುರ್ಚಿಗೆ ಬಿದ್ದದ್ದನ್ನು ಕಂಡವರಿಗೆ ಇದರ ದೇವತಾಶಾಸ್ತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹವಾಮಾನದ ಮಾತು ಬಂದರೆ ಮೈಸೂರಿನ ಓದುಗನ ಧೈರ್ಯವನ್ನು ಮೆಚ್ಚಲೇಬೇಕು. 1880ರ ಅಕ್ಟೋಬರಿನಲ್ಲಿ ಡಕೋಟಾದ ಡಿ ಸ್ಮೆಟ್ ಊರಿಗೆ ಮೊದಲ ಹಿಮಬಿರುಗಾಳಿ ಬಡಿಯಿತು. ರೈಲು ತಿಂಗಳುಗಟ್ಟಲೆ ಬರಲಿಲ್ಲ. ಲಾರಾಳ ಮನೆಯವರು ಹುಲ್ಲನ್ನು ಹೊಸೆದು ಕಟ್ಟಿಗೆಯಂತೆ ಉರಿಸಿದರು, ಕಾಫಿಬೀಜ ಅರೆಯುವ ಗಿರಣಿಯಲ್ಲಿ ಗೋಧಿ ಬೀಸಿ ರೊಟ್ಟಿ ಮಾಡಿದರು. ಕ್ರಿಸ್‌ಮಸ್ ಉಡುಗೊರೆಯ ಪೀಪಾಯಿ ಮೇ ತಿಂಗಳಲ್ಲಿ ಬಂತು. ಚಳಿ ಒಮ್ಮೊಮ್ಮೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಫ್ಯಾರನ್‌ಹೀಟೋ ಸೆಲ್ಸಿಯಸ್ಸೋ ಎಂದು ಕೇಳಬೇಕಾಗಿಲ್ಲ, ಅಲ್ಲಿ ಎರಡೂ ಒಂದೇ. ಇದನ್ನು ಕುವೆಂಪುನಗರದ ಮನೆಯೊಂದರಲ್ಲಿ, ಜನವರಿಯ 16 ಡಿಗ್ರಿಯ ಮುಂಜಾವಿನಲ್ಲಿ, ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ತೊಟ್ಟ ಹಿರಿಯರು ಓದುತ್ತಾರೆ. ಓದಿ ಮುಗಿಸಿ, ‘ನಮ್ಮಲ್ಲೂ ಈ ಸಲ ಚಳಿ ಜಾಸ್ತಿಯೇ’ ಎನ್ನುತ್ತಾರೆ. ಕಾಫಿ ಗಿರಣಿಯಲ್ಲಿ ಗೋಧಿ ಬೀಸಿದ್ದಕ್ಕೆ ಮರುಗುವವರಿಗಿಂತ, ಅಷ್ಟು ದಿನ ಕಾಫಿ ಬೀಸಲಾಗದ ಸ್ಥಿತಿಗೆ ಮರುಗುವವರು ಹೆಚ್ಚು.

ಅಮೆರಿಕದಿಂದ ಕನ್ನಡಕ್ಕೆ ನಡೆದ ಈ ಸಾಗಾಣಿಕೆ ಏಕಮುಖವಾಗಿಯೂ ಇರಲಿಲ್ಲ. 1930ರಲ್ಲಿ ‘ಹಳ್ಳಿಯ ಚಿತ್ರಗಳು’ ಪ್ರಕಟಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹೇಮಾವತಿ ದಂಡೆಯ ತಮ್ಮೂರನ್ನು ಕಣ್ಣಲ್ಲಿ ಇಟ್ಟುಕೊಂಡೇ ಇಳಿವಯಸ್ಸಿನಲ್ಲಿ ಅಮೆರಿಕ ನೋಡಿ ಬಂದರು. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರಿನಲ್ಲೇ ಲೇಖಕರೂ ಇದ್ದಾರೆ, ಊರೂ ಇದೆ. ಟಿಕೆಟ್ ಮಾತ್ರ ಒಂದೇ.

ಇಷ್ಟು ನಿರಪಾಯಕಾರಿ ಎನಿಸಿದ ಪುಸ್ತಕಮಾಲೆಯಲ್ಲಿ ಹಜಾರದ ಮೇಜಿನ ಪರೀಕ್ಷೆಗೆ ಸಿಕ್ಕದ ಒಂದು ಸಂಗತಿಯಿದೆ. ‘ಹುಲ್ಲುಗಾವಲಿನಲ್ಲಿ ಪುಟ್ಟ ಮನೆ’ ಎದ್ದ ಕಾನ್ಸಾಸ್‌ನ ನೆಲ ಖಾಲಿ ನೆಲವಲ್ಲ, ಮೂಲನಿವಾಸಿಗಳಾದ ಓಸೇಜ್ ಜನರದ್ದು. ಅಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬ ಅರ್ಥದ ವಾಕ್ಯ 1935ರ ಮೊದಲ ಮುದ್ರಣದಲ್ಲಿತ್ತು. ಓದುಗರೊಬ್ಬರು ಎತ್ತಿ ತೋರಿಸಿದ ಮೇಲೆ 1953ರ ಮುದ್ರಣದಲ್ಲಿ ‘ಜನ’ ಹೋಗಿ ‘ವಲಸಿಗರು’ ಬಂತು. 2018ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಮಕ್ಕಳ ವಿಭಾಗವು ತನ್ನ ಪ್ರಶಸ್ತಿಗೆ ಇಟ್ಟಿದ್ದ ವೈಲ್ಡರ್ ಹೆಸರನ್ನು ತೆಗೆದುಹಾಕಿತು. ಪುಸ್ತಕದಲ್ಲಿ ಓಸೇಜರು ಸಾಲಾಗಿ ಆ ಮನೆಯ ಮುಂದಿನಿಂದ ಹೊರಟುಹೋಗುವ ಅಧ್ಯಾಯವಿದೆ.

ಕೈಯಿಂದ ಕೈಗೆ ದಾಟಿದ ಹಳೆಯ ಪ್ರತಿಗಳನ್ನು ನೋಡಿದರೆ ಓದಿನ ಇತಿಹಾಸ ತಿಳಿಯುತ್ತದೆ. ಮೇಪಲ್ ಪಾಕದ ಪುಟದಲ್ಲಿ ಜಿಡ್ಡಿನ ಬೆರಳಚ್ಚು, ಆಲ್ಮಾಂಜೋನ ಪುಟದಲ್ಲಿ ಹಾಲಿನ ಕಲೆ, ಭಾನುವಾರದ ಹಂದಿಯ ಪುಟ ಮಡಿಸಿ ಮಡಿಸಿ ಹರಿದಿರುತ್ತದೆ. ಕಡಿದ ಹಂದಿಯ ಪುಟಗಳು ಹೊಸದಾಗಿಯೇ ಇರುತ್ತವೆ. ಓಸೇಜರು ಹೊರಟುಹೋಗುವ ಪುಟಗಳೂ.