ಓಬವ್ವನ ಗಂಡ ಅಂದು ಉಂಡದ್ದೇನು?

ಚಿತ್ರದುರ್ಗದ ಕೋಟೆಯಲ್ಲಿ ಕಿಂಡಿ ತೋರಿಸುವವರು ಕತೆಯನ್ನೆಲ್ಲ ಹೇಳುತ್ತಾರೆ. ಕಾವಲಿನವನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದದ್ದು, ನೀರು ತರಲು ಹೋದ ಓಬವ್ವನಿಗೆ ಹೈದರಾಲಿಯ ಸಿಪಾಯಿಗಳು ಕಿಂಡಿಯಲ್ಲಿ ತೂರುವುದು ಕಂಡದ್ದು, ಅವಳು ಒನಕೆ ಹಿಡಿದು ನಿಂತದ್ದು, ಎಲ್ಲವೂ ಬರುತ್ತದೆ. ಬಾರದೆ ಉಳಿಯುವುದು ಒಂದೇ: ಗಂಡನ ತಟ್ಟೆಯಲ್ಲಿ ಏನಿತ್ತು? ಮುದ್ದೆಯ ಪಕ್ಕ ಇದ್ದದ್ದು ಬಸ್ಸಾರೋ ಬಾಡಿನ ಸಾರೋ ಎಂದು ಗೊತ್ತಾಗಿದ್ದರೆ ಇಷ್ಟು ಹೊತ್ತಿಗೆ ಎರಡು ಪಂಗಡದವರೂ ಅಲ್ಲಿ ಬೋರ್ಡು ನೆಟ್ಟಿರುತ್ತಿದ್ದರು. ಒನಕೆ ಕಾಳು ಕುಟ್ಟುವ ಸಾಧನ, ಆದ್ದರಿಂದ ಗೆದ್ದದ್ದು ಸಸ್ಯಾಹಾರ ಎಂದು ಇವರು. ಬೇಡರ ಪಾಳೆಯಗಾರರ ಕೋಟೆಯನ್ನು ಸೊಪ್ಪು ತಿಂದವರು ಕಾದಾರೆಯೇ ಎಂದು ಅವರು. ಸಸ್ಯಾಹಾರ ಎಲ್ಲರ ಮೈಗೂ ಬಾಯಿಗೂ ಒಗ್ಗುತ್ತದೆಯೇ ಎಂಬ ಜಗಳ ಬಗೆಹರಿಯದಿರಲು ಆ ಪದವೇ ಕಾರಣ ಎಂದು ನನ್ನ ಗುಮಾನಿ. ತಟ್ಟೆಯಲ್ಲಿ ಏನಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ, ಏನಿದೆ ಎಂದು ಬಾಯಿ ಬಿಡುವುದಿಲ್ಲ. ಮೈಯಾದರೋ ಇರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಇಲ್ಲದ್ದರಿಂದ ಪುಣ್ಯ ಬರಬಹುದು, ರಕ್ತ ಬರುವುದಿಲ್ಲ.

ಎದುರು ಪಕ್ಷದ ಬಿರುದೂ ಇಷ್ಟೇ ಪೊಳ್ಳು. 2014ರ ಸರ್ಕಾರಿ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ದಾಟಿದ ನೂರು ಜನರಲ್ಲಿ 79 ಮಂದಿ ಮಾಂಸಾಹಾರಿಗಳು. ಕೇಳಿದರೆ ರಾಜ್ಯವೆಲ್ಲ ದಿನಾ ಮೂಳೆ ಕಡಿಯುತ್ತಿದೆ ಅನ್ನಿಸಬೇಕು. ಹಿರಿಯೂರು ಕಡೆಯ ಒಬ್ಬ ಮಾಂಸಾಹಾರಿಯ ಪಂಚಾಂಗ ತೆಗೆದು ನೋಡಿ. ಸೋಮವಾರ ಈಶ್ವರನ ವಾರ, ತೇರುಮಲ್ಲೇಶ್ವರನ ಊರಿನಲ್ಲಿ ಅಂದು ಬಾಡಿನ ಮಾತೆತ್ತುವಂತಿಲ್ಲ. ಶನಿವಾರ ಆಂಜನೇಯನದು. ಶ್ರಾವಣ ತಿಂಗಳಿಡೀ ಬಂದ್. ಕಾರ್ತಿಕದಲ್ಲಿ ಮನೆಯಲ್ಲಿ ಯಾರಾದರೊಬ್ಬರು ಮಾಲೆ ಹಾಕಿರುತ್ತಾರೆ. ಉಳಿದ ದಿನಗಳಲ್ಲಿ ಮಟನ್ನಿನ ರೇಟೇ ವ್ರತ ಹಿಡಿಸುತ್ತದೆ. ಅಂತೂ ವರ್ಷತೊಡಕು, ಮಾರಿಹಬ್ಬ, ನೆಂಟರು ಬಂದ ಭಾನುವಾರ ಬಿಟ್ಟರೆ ಈ ಮಾಂಸಾಹಾರಿ ಶುದ್ಧ ಸಸ್ಯಾಹಾರಿ. ಮ್ಯಾಸಬೇಡರ ಸಂಪ್ರದಾಯವಂತೂ ಈ ಎರಡು ಖಾನೆಗಳಲ್ಲಿ ಯಾವುದಕ್ಕೂ ಸಿಕ್ಕುವುದಿಲ್ಲ: ಕುರಿಯಾದೀತು, ಕೋಳಿಯಾಗದು, ಹೆಂಡವಂತೂ ಕೂಡದು. ಬಿರುದಿನಿಂದಲೇ ಮೈ ತುಂಬುವಂತಿದ್ದರೆ 79 ಮಂದಿಯ ರಾಜ್ಯದಲ್ಲಿ ರಕ್ತಹೀನತೆ ಇರಬಾರದಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದಿದೆ. ಕಾರಣಗಳು ಹಲವು, ಅವುಗಳಲ್ಲೊಂದನ್ನು ತಿಳಿಯಲು ವಿಜ್ಞಾನ ಓದಬೇಕಾಗಿಲ್ಲ. ಮನೆಯವರೆಲ್ಲ ಉಂಡ ಮೇಲೆ ಪಾತ್ರೆಯಲ್ಲಿ ತುಂಡು ಉಳಿದಿರುವುದಿಲ್ಲ, ಸಾರು ಉಳಿದಿರುತ್ತದೆ.

ಹಾಗಾದರೆ ಸೊಪ್ಪು ಕಾಳಿನಲ್ಲೇ ತಟ್ಟೆ ತುಂಬಿಸಲು ಬರುವುದಿಲ್ಲವೇ? ಚೆನ್ನಾಗಿ ಬರುತ್ತದೆ, ಅದರಲ್ಲೂ ಚಿತ್ರದುರ್ಗದ ಸೀಮೆಯಲ್ಲಿ. ಹೊಸದುರ್ಗದ ಕಡೆಯ ರಾಗಿಯನ್ನೇ ಹಿಡಿಯಿರಿ: 100 ಗ್ರಾಮಿನಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿದ ಸುಣ್ಣದ ಅಂಶ, ಅಂದರೆ ಅಷ್ಟೇ ತೂಕದ ಹಾಲಿನ ಎರಡೂವರೆ ಪಟ್ಟಿಗೂ ಹೆಚ್ಚು. ಧಾನ್ಯದಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಮಿಥಿಯೊನೀನ್ ಕಡಿಮೆ. ಮುದ್ದೆ ಹುರುಳಿಸಾರಿಗೆ ಬಿದ್ದೊಡನೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಜಾತಕ ನೋಡದೆ ಮಾಡಿದ ಮದುವೆಗಳಲ್ಲಿ ಇಷ್ಟು ಹೊಂದಿಕೆಯಾದದ್ದು ಅಪರೂಪ. ಇನ್ನು ಶೇಂಗಾ. ನೂರು ಗ್ರಾಮಿಗೆ 25 ಗ್ರಾಮಿನಷ್ಟು ಪ್ರೊಟೀನು, ಮಟನ್ನು ನಾಚಬೇಕು. ಆದರೆ ನಾವು ಮಾಡುವುದೇನು? ಗಾಣಕ್ಕೆ ಹಾಕಿ ಎಣ್ಣೆಯನ್ನು ನಾವಿಟ್ಟುಕೊಂಡು ಪ್ರೊಟೀನು ತುಂಬಿದ ಹಿಂಡಿಯನ್ನು ಎಮ್ಮೆಯ ಮುಂದಿಡುತ್ತೇವೆ. ಎಮ್ಮೆ ಅದನ್ನು ತಿಂದು, ತನ್ನ ಪಾಲು ಮುರಿದುಕೊಂಡು, ಉಳಿದದ್ದನ್ನು ಹಾಲೆಂದು ಹಿಂದಿರುಗಿಸುತ್ತದೆ. ಮಿಕ್ಕ ಎಣ್ಣೆಯಲ್ಲಿ ಸಂಜೆ ಮೆಣಸಿನಕಾಯಿ ಬೋಂಡ ಕರಿದು, ಮಂಡಕ್ಕಿಯ ಜೊತೆ ತಿಂದು, ಮೇಲೊಂದು ಟೀ ಕುಡಿದರೆ ಅದು ಹದಿನಾರಾಣೆ ಸಸ್ಯಾಹಾರ. ಬೆಳಿಗ್ಗೆ ಬಿಳಿ ಅನ್ನಕ್ಕೆ ತಿಳಿಸಾರು, ರಾತ್ರಿ ತಿಳಿಸಾರಿಗೆ ಬಿಳಿ ಅನ್ನ ಎಂಬುದೂ ಸಸ್ಯಾಹಾರವೇ. ಹೊಳಲ್ಕೆರೆಯ ಅಡಿಕೆಯೂ ಸಸ್ಯವೇ. ಮಾಂಸ ತಿಂದರೆ ಕ್ಯಾನ್ಸರ್ ಎಂದು ಹೆದರಿಸುವವರಿಗೆ ಇಲ್ಲೊಂದು ಸಣ್ಣ ತೊಡಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ನಿಜ. ಅಡಿಕೆ ಅದಕ್ಕೂ ಹತ್ತು ವರ್ಷ ಮೊದಲೇ ಆ ಗುಂಪಿನಲ್ಲಿ ಜಾಗ ಹಿಡಿದು ಕೂತಿತ್ತು.

ಆನೆ ಏನು ಬಿರಿಯಾನಿ ತಿನ್ನುತ್ತದೆಯೇ ಎಂಬುದು ಈ ವಾದದಲ್ಲಿ ತಪ್ಪದೆ ಬರುವ ಪ್ರಶ್ನೆ. ತಿನ್ನುವುದಿಲ್ಲ, ಆದರೆ ದಿನದ ಬಹುಪಾಲು ಹೊತ್ತು ಮೇಯುತ್ತಲೇ ಇರುತ್ತದೆ, ಅದಕ್ಕೆ ಹತ್ತೂವರೆಗೆ ತಾಲ್ಲೂಕು ಕಚೇರಿಗೆ ಹೋಗುವುದಿರುವುದಿಲ್ಲ. ಇದಕ್ಕಿಂತ ಕಟ್ಟುನಿಟ್ಟಾದ ಉತ್ತರ ಬಿ-12 ಎಂಬ ಜೀವಸತ್ವದಲ್ಲಿದೆ. ರಕ್ತಕ್ಕೂ ನರಕ್ಕೂ ಬೇಕಾದ ಇದನ್ನು ಗಿಡವೂ ಮಾಡದು, ಪ್ರಾಣಿಯೂ ಮಾಡದು, ಮಾಡುವುದು ಬ್ಯಾಕ್ಟೀರಿಯ ಮಾತ್ರ. ಹಸುವಿನ ಮೊದಲ ಹೊಟ್ಟೆಯಲ್ಲೇ ಆ ಬ್ಯಾಕ್ಟೀರಿಯಗಳ ವಠಾರವಿದೆ, ಹಾಗಾಗಿ ಹುಲ್ಲು ತಿಂದೂ ಅದು ಪಾರಾಗುತ್ತದೆ. ನಮ್ಮ ಹೊಟ್ಟೆಯಲ್ಲೂ ಅವಿವೆ, ಬಿ-12 ತಯಾರಿಸುತ್ತವೆ ಕೂಡ. ಆದರೆ ದೊಡ್ಡ ಕರುಳಿನಲ್ಲಿ. ಅದನ್ನು ಹೀರುವ ಜಾಗವಿರುವುದು ಅದಕ್ಕೂ ಹಿಂದೆ, ಸಣ್ಣ ಕರುಳಿನ ಕೊನೆಯಲ್ಲಿ. ಹಿರಿಯೂರಿನಲ್ಲಿ ಇಳಿಯಬೇಕಾದವನನ್ನು ಬೈಪಾಸಿನಲ್ಲೇ ಸಾಗಿಸಿ ಚಿತ್ರದುರ್ಗದಲ್ಲಿ ಇಳಿಸಿದ ಬಸ್ಸಿನ ಕತೆ ಇದು. ಮೊಲಕ್ಕೂ ಇಂಥದೇ ಫಜೀತಿ. ಅದು ತನ್ನ ಹಿಕ್ಕೆಯನ್ನು ತಾನೇ ತಿಂದು ಬಗೆಹರಿಸಿಕೊಂಡಿದೆ. ಸಸ್ಯಾಹಾರದ ಭಾಷಣಕಾರರು ಆನೆಯನ್ನು ಬಿಟ್ಟು ಮೊಲವನ್ನು ಉದಾಹರಿಸಿದ್ದನ್ನು ಯಾರೂ ಕೇಳಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡೂವರೆ ಮೈಕ್ರೊಗ್ರಾಮಿಗೂ ಕಡಿಮೆ, ಹಾಲು ಮೊಸರು ದಂಡಿಯಾಗಿದ್ದರೆ ಸಾಕಾಗುತ್ತದೆ. ಅವನ್ನೂ ಬಿಟ್ಟವರು ಮಾತ್ರೆ ನುಂಗಲೇಬೇಕು. ನೀರಿನಲ್ಲಿ ಮಜ್ಜಿಗೆಯನ್ನು ಹುಡುಕಬೇಕಾದ ಮಜ್ಜಿಗೆಯಿಂದ ಈ ಕೆಲಸ ನಡೆಯುವುದಿಲ್ಲ.

ಇದನ್ನೆಲ್ಲ ಕೇಳಿದ ಮೇಲೂ ಒಂದು ಬ್ರಹ್ಮಾಸ್ತ್ರ ಉಳಿದಿರುತ್ತದೆ: ನಮ್ಮ ತಾತ ಮೊಟ್ಟೆಯನ್ನೇ ಕಾಣದೆ ತೊಂಬತ್ತು ವರ್ಷ ಬದುಕಿದರು. ತಾತನ ಮಾತನ್ನು ಅಲ್ಲಗಳೆಯುವಂತಿಲ್ಲ, ಆದರೆ ಅವರ ಹಿತ್ತಿಲಿನಲ್ಲಿ ಕರೆಯುವ ಹಸುವಿತ್ತು, ಹೊಲದಲ್ಲಿ ಅವರೆಯಿತ್ತು, ನಲವತ್ತಕ್ಕೇ ತೀರಿಕೊಂಡ ಅವರ ಇಬ್ಬರು ತಮ್ಮಂದಿರು ಸಾಕ್ಷಿ ಹೇಳಲು ಉಳಿದಿಲ್ಲ. ಇಂಥ ತಾತ ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ತಲೆತಲಾಂತರದಿಂದ ಸೊಪ್ಪು ತಿಂದ ಮೈ ಅದಕ್ಕೆ ಪಳಗುತ್ತದೆ ಎಂಬ ವಾದದಲ್ಲಿ ಮಾತ್ರ ಸತ್ವವಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಿಡದ ಕೊಬ್ಬಿನಿಂದಲೇ ಮಿದುಳಿಗೆ ಬೇಕಾದ ಕೊಬ್ಬನ್ನು ಹೆಚ್ಚು ಚುರುಕಾಗಿ ತಯಾರಿಸಿಕೊಳ್ಳುವ ವಂಶವಾಹಿ ರೂಪ ಪುಣೆಯ ಬಹುತೇಕ ಸಸ್ಯಾಹಾರಿಗಳ ಗುಂಪಿನಲ್ಲಿ ನೂರಕ್ಕೆ 68 ಮಂದಿಯಲ್ಲಿ ಜೋಡಿಯಾಗಿ ಕಂಡಿತು. ಅಮೆರಿಕದವರಲ್ಲಿ 18 ಮಂದಿಯಲ್ಲಿ. ಪಳಗಿದ್ದು ಹೌದು. ಆದರೆ ಪುಣೆಯಲ್ಲೇ ಉಳಿದ 32 ಮಂದಿ ಇದ್ದಾರಲ್ಲ! ಊರು ಒಂದೇ, ಊಟ ಹೆಚ್ಚುಕಡಿಮೆ ಒಂದೇ, ಮೈ ಬೇರೆ. ಹಾಲಿನದೂ ಹೀಗೆಯೇ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದವರು ಉತ್ತರ ಭಾರತಕ್ಕಿಂತ ನಮ್ಮ ದಕ್ಷಿಣದಲ್ಲೇ ಹೆಚ್ಚು. ಸಸ್ಯಾಹಾರವನ್ನು ಕಾಯುವ ಹಾಲೇ ಹೊಟ್ಟೆ ಉಬ್ಬಿಸಿದರೆ ಎಲ್ಲಿಗೆ ಹೋಗುವುದು? ಮೊಸರಿಗೆ ಹೋಗುವುದು, ಹೆಪ್ಪಿನ ಬ್ಯಾಕ್ಟೀರಿಯ ಆ ಸಕ್ಕರೆಯಲ್ಲಿ ಸ್ವಲ್ಪವನ್ನು ಮೊದಲೇ ತಿಂದು ಮುಗಿಸಿರುತ್ತದೆ.

ಈ ವಾದ ತಮಾಷೆಯಾಗಿ ಉಳಿಯದ ಜಾಗ ಶಾಲೆಯ ಪಂಕ್ತಿ. 2021ರ ಡಿಸೆಂಬರಿನಲ್ಲಿ ರಾಜ್ಯದ ಉತ್ತರದ ಕೆಲವು ಜಿಲ್ಲೆಗಳಲ್ಲಿ ಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮುಂದಿನ ವರ್ಷ ಅದು ಚಿತ್ರದುರ್ಗವೂ ಸೇರಿ ಉಳಿದ ಕಡೆಗೂ ಬಂತು; ಬೇಡವೆನ್ನುವವರಿಗೆ ಆಗ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಾಯಿತು. ಯಾರ ಬಾಯಿಗೂ ಬಲವಂತವಾಗಿ ತುರುಕದ ವ್ಯವಸ್ಥೆ, ಅದಕ್ಕೆ ನಾನೂ ಕೈ ಎತ್ತುತ್ತೇನೆ. ಆದರೆ ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೊಟೀನು, ಜೊತೆಗೆ ಬಿ-12. ಒಂದು ಬಾಳೆಹಣ್ಣಿನಲ್ಲಿ ಪ್ರೊಟೀನು ಒಂದು ಗ್ರಾಮಿನ ಆಸುಪಾಸು, ಬಿ-12 ಸೊನ್ನೆ. ಎರಡೂ ಸಿಪ್ಪೆ ಸುಲಿದು ತಿನ್ನುವಂಥವು ಎಂಬುದನ್ನು ಬಿಟ್ಟರೆ ಬೇರೆ ಸಾಮ್ಯ ಕಾಣೆ. ಮೊಟ್ಟೆ ಒಲ್ಲದ ಹೊಳಲ್ಕೆರೆಯ ಮಗುವಿನ ಕೈ ಆಗ ಹಿಡಿದದ್ದು ಚಿಕ್ಕಿ, ಮತ್ತು 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ ಹಾಲಿನ ಲೋಟ. ಮೊಟ್ಟೆ ಬೇಡವೆಂದು ಹೋರಾಡಿದವರು ಆ ಲೋಟವನ್ನು ದೊಡ್ಡದು ಮಾಡಿ ಎಂದೂ ಅಷ್ಟೇ ಜೋರಾಗಿ ಕೂಗಿದ್ದರೆ ವಾದ ಪೂರ್ತಿಯಾಗುತ್ತಿತ್ತು.

ಬಾಯಿಯ ಮಾತು ಬೇರೆ. ಅದು ಯಾರ ಲೆಕ್ಕವನ್ನೂ ಕೇಳುವುದಿಲ್ಲ. 1931ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಸುರಿಯುತ್ತಿದ್ದ ಪುಡಿ ಗಾಳಿಗೆ ಹಾರಿತು. ಪಕ್ಕದವನು ಕಹಿ ಎಂದು ಮುಖ ಹಿಂಡಿದ, ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಈ ವ್ಯತ್ಯಾಸ ಹುಟ್ಟಿನಿಂದಲೇ ಬಂದದ್ದು ಎಂದು ಆಮೇಲೆ ಗೊತ್ತಾಯಿತು. ಎಲೆಕೋಸಿನ ಜಾತಿಯ ತರಕಾರಿ ಕೆಲವರಿಗೆ ಕಹಿಯಾಗುವುದೂ ಇದರಿಂದಲೇ. ತಟ್ಟೆಯ ಅಂಚಿಗೆ ಕೋಸಿನ ಪಲ್ಯ ತಳ್ಳುವ ಹುಡುಗ ಸುಳ್ಳು ಹೇಳುತ್ತಿಲ್ಲ, ಬಡಿಸಿದ ಅಮ್ಮನ ನಾಲಿಗೆಗೆ ಅದು ತಿಳಿಯುವುದಿಲ್ಲ ಅಷ್ಟೆ. ಬಾಡಿನ ವಾಸನೆ ಬಂದರೆ ಬೀದಿ ಬದಲಿಸುವವರೂ ಆ ವಾಸನೆ ಹಿಡಿದೇ ಮಿಲ್ಟ್ರಿ ಹೋಟೆಲು ಪತ್ತೆ ಮಾಡುವವರೂ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇರುತ್ತಾರೆ. ಅಂಥ ಮನೆಗಳಲ್ಲಿ ಜೀವಮಾನದಲ್ಲಿ ಒಂದು ತುಂಡೂ ಬಾಯಿಗಿಡದ ಹೆಂಗಸೇ ಭಾನುವಾರ ಮಸಾಲೆ ಅರೆದು, ರುಚಿ ನೋಡದೆ, ಏಳುವ ಹಬೆಯ ವಾಸನೆಯಲ್ಲೇ ಸಾರಿನ ಹದ ಹಿಡಿಯುತ್ತಾಳೆ. ಸರಿಯಾಗಿದೆಯೇ ಎಂದು ಅವಳು ಕೇಳಿದರೆ ಉಣ್ಣುವವರು ತಲೆ ಎತ್ತುವುದಿಲ್ಲ, ತಟ್ಟೆಯನ್ನು ಮುಂದೆ ಚಾಚುತ್ತಾರೆ.